ಹಳದಿ ಜರ್ಸಿ ಕಳೆದುಹೋದ ಫೈನಲ್

ಫೈನಲ್ ಪಂದ್ಯ ಮುಗಿದ ಮಾರನೆಯ ಬೆಳಗ್ಗೆ ರೆಫ್ರಿ ತನ್ನ ಕನ್ನಡಕದ ಅಂಗಡಿಯ ಬಾಗಿಲು ತೆರೆಯಲೇ ಇಲ್ಲ. ತೆರೆದಿದ್ದರೆ ಮೊದಲ ಗಿರಾಕಿಯೇ 'ನಿಮಗೇ ಒಂದು ಒಳ್ಳೆ ಕನ್ನಡಕ ಬೇಕಲ್ಲ ಸರ್' ಎನ್ನುವುದು ಖಾತ್ರಿಯಿತ್ತು. ಹಾಗಾಗಿ ಹೆಂಡತಿಯ ತವರಿನ ಅಡುಗೆಮನೆಯಲ್ಲಿ ಚಹಾದ ಲೋಟ ಹಿಡಿದು ತಲೆ ತಗ್ಗಿಸಿ ಕೂತಿದ್ದ. ಎದುರಿಗೆ ಅವನ ಅತ್ತೆ ಬೀನ್ಸಿನ ನಾರು ತೆಗೆಯುತ್ತಿದ್ದರು. ಪೊಲೀಸ್ ಇನ್ಸ್‌ಪೆಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೂ ಊರಿನ ಕಳವು, ಮೋಸಗಳೆಲ್ಲ ಅವರ ಬಾಗಿಲಿಗೇ ಬರುತ್ತಿದ್ದವು. ಅಂಥ ಕೇಸುಗಳಲ್ಲಿ ಅವರ ಚೀಲ ಹಿಡಿದು ಹಿಂದೆ ಓಡಾಡಿ, ಕೊನೆಗೆ ಎಲ್ಲ ತಿಳಿದವನಂತೆ ತಲೆಯಾಡಿಸುವುದು ಅಳಿಯನ ಪಾಲಿನ ಕೆಲಸ.

ಬಾಗಿಲು ತಟ್ಟಿ ಒಳಗೆ ಬಂದವಳು ನೀಲಿ ತಂಡದ ಗೋಲ್‌ಕೀಪರನ ಅಕ್ಕ.

"ಮೇಡಂ, ನನ್ನ ತಮ್ಮನ್ನ ಮೋಸಗಾರ ಅಂತಿದ್ದಾರೆ. ಸಂಜೆ ಸಮಿತಿಯವರು ಸೇರಿ ಅವನು ಇನ್ನು ಯಾವತ್ತೂ ಆಡದ ಹಾಗೆ ಮಾಡ್ತಾರಂತೆ" ಎಂದವಳು ಮೂಲೆಯಲ್ಲಿದ್ದ ರೆಫ್ರಿಯನ್ನು ಕಂಡು ಮಾತು ನಿಲ್ಲಿಸಿದಳು. ರೆಫ್ರಿಗೆ ಚಹಾದ ಲೋಟದೊಳಗೇ ಮುಳುಗಿಬಿಡೋಣ ಅನ್ನಿಸಿತು.

ನಡೆದದ್ದು ಇಷ್ಟು. ಪಂಪ್ ಕಾರ್ಖಾನೆಯ ನೀಲಿ ತಂಡಕ್ಕೂ ಬಸ್ ಡಿಪೋದ ಬಿಳಿ ತಂಡಕ್ಕೂ ಫುಟ್‌ಬಾಲ್ ಫೈನಲ್. ಅರ್ಧ ಆಟ ಮುಗಿದಾಗ ನೀಲಿಯವರು ಒಂದು ಗೋಲು ಮುಂದಿದ್ದರು. ಅವರ ಕೀಪರ್, ಕಾರ್ಖಾನೆಯ ವೆಲ್ಡರ್, ಹಳದಿ ಜರ್ಸಿ ತೊಟ್ಟಿದ್ದ. ವಿರಾಮದಲ್ಲಿ ಅದನ್ನು ತೊಳೆದು ತಂತಿಗೆ ಹಾಕಿದವನು ನೀರು ಕುಡಿದು ಬರುವಷ್ಟರಲ್ಲಿ ಜರ್ಸಿ ಮಾಯ. ಬದಲಿ ಇರಲಿಲ್ಲವಾದ್ದರಿಂದ ತಂಡದ ನೀಲಿ ಜರ್ಸಿಯಲ್ಲೇ ಗೋಲಿಗೆ ನಿಂತ. ಆಟ ಮುಗಿಯುವ ಹೊತ್ತಿಗೆ ಡಿಪೋಗೆ ಒಂದು ಕಾರ್ನರ್ ಕಿಕ್ ಸಿಕ್ಕಿತು. ಗೋಲಿನ ಮುಂದೆ ಎಲ್ಲರೂ ಮುಗಿಬಿದ್ದರು. ಒಳಗೆ ಹೋಗುತ್ತಿದ್ದ ಚೆಂಡನ್ನು ನೀಲಿ ತೋಳೊಂದು ಹೊರಕ್ಕೆ ತಳ್ಳಿತು. ಕೀಪರನ ಕೈಯೇ ಎಂದುಕೊಂಡ ರೆಫ್ರಿ ಆಟ ಮುಂದುವರಿಸಿದ, ನೀಲಿಯವರು ಕಪ್ ಎತ್ತಿದರು. ರಾತ್ರಿಯಾಗುವಷ್ಟರಲ್ಲಿ ಯಾರೋ ತೆಗೆದ ಫೋಟೊ ಎಲ್ಲರ ಫೋನಿಗೂ ಬಂತು. ಅದರಲ್ಲಿ ಮುಖ ಕಾಣುತ್ತಿರಲಿಲ್ಲ, ಆದರೆ ಚೆಂಡು ತಳ್ಳಿದ ಕೈಗೆ ಗ್ಲೌಸ್ ಇರಲಿಲ್ಲ. ಕಳೆದ ಜರ್ಸಿ ನೀಲಿಯವರ ಕೋಣೆಯ ಪಕ್ಕದಲ್ಲಿದ್ದ, ಮೈದಾನ ಸಮ ಮಾಡುವ ರೋಲರಿನ ಹಿಂದೆ ಸಿಕ್ಕಿತು. ಕೀಪರನೇ ಅದನ್ನು ಬಚ್ಚಿಟ್ಟ ಎಂದು ಡಿಪೋ ಕ್ಯಾಪ್ಟನ್ ದೂರು ಕೊಟ್ಟ.

"ನಿನ್ನೆ ಮಗಳ ಜೊತೆ ಗ್ಯಾಲರಿಯಲ್ಲಿ ಕೂತಿದ್ದೆ. ಆಟ ಮಾತ್ರ ತಲೆಗೆ ಹತ್ತಲಿಲ್ಲ" ಎಂದರು ಅತ್ತೆ. "ಅಳಿಯಂದ್ರೆ, ಕೀಪರ್‌ಗೆ ಯಾಕೆ ಬೇರೆ ಬಣ್ಣ?"

"ಹತ್ತು ಜನ ಚೆಂಡಿಗೆ ಕೈ ಹಚ್ಚೋ ಹಾಗಿಲ್ಲ ಅತ್ತೆ. ಅವನೊಬ್ಬ ಹಚ್ಚಬಹುದು, ಅದೂ ಗೋಲಿನ ಮುಂದಿನ ಚೌಕದೊಳಗೆ ಮಾತ್ರ. ಗುಂಪಲ್ಲಿ ಕೈ ಯಾರದು ಅಂತ ರೆಫ್ರಿಗೆ ತಕ್ಷಣ ಗೊತ್ತಾಗಬೇಕಲ್ಲ, ಅದಕ್ಕೆ."

"ಹಾಗಾದ್ರೆ ಜರ್ಸಿ ಹೋದಾಗ ಆಟ ನಿಲ್ಲಿಸಬೇಕಿತ್ತು."

"ನಿಲ್ಲಿಸಬೇಕಿತ್ತು. ಜನ ಒಂದೇ ಸಮ ಕೂಗ್ತಿದ್ರು. ಇರ್ಲಿ, ಆಡ್ಲಿ ಅಂದ್ಬಿಟ್ಟೆ." ರೆಫ್ರಿಯ ಕಿವಿ ಬಿಸಿಯಾಯಿತು. "ಡಿಪೋ ಕ್ಯಾಪ್ಟನ್ ಒಬ್ಬನೇ 'ಕೀಪರ್ ನೀಲಿಯಲ್ಲಿ ಆಡೋ ಹಾಗಿಲ್ಲ' ಅಂತ ನಿಯಮ ಹೇಳಿದ್ದು. ಪಾಪ, ಅವನ ಮಾತು ಕೇಳಬೇಕಿತ್ತು."

"ಯಾವಾಗ ಹೇಳಿದ?"

"ಮೈದಾನದ ನಡುವೆ, ಎರಡನೇ ಅರ್ಧ ಶುರುವಾಗೋ ಮುಂಚೆ. ಕೀಪರ್ ಇನ್ನೂ ಒಳಗೆ ಜರ್ಸಿ ಹುಡುಕ್ತಿದ್ದ."

ಅತ್ತೆಯ ಕೈಯಲ್ಲಿದ್ದ ಬೀನ್ಸ್ ಅಲ್ಲೇ ನಿಂತಿತು. "ಆಟದ ನಡುವೆ ಜರ್ಸಿ ತೊಳೆಯೋ ಚಪಲ ಇವನಿಗೆ ಯಾಕೆ ಬಂತು?"

"ನಾನೇ ಹೇಳಿದ್ದೆ. ಮಣ್ಣು ಹತ್ತಿ ಬಣ್ಣವೇ ಕಾಣ್ತಿರಲಿಲ್ಲ. ಆಗಲೂ ಕ್ಯಾಪ್ಟನ್ ಪಕ್ಕದಲ್ಲೇ ಇದ್ದ, ಯಾವುದೋ ಫೌಲಿಗೆ ತಕರಾರು ತೆಗೆದು. ಆಮೇಲೆ ಎರಡನೇ ಅರ್ಧಕ್ಕೆ ಕ್ಯಾಪ್ಟನ್ನೇ ಪಾಪ, ಒಗೆದ ಜರ್ಸಿ ಹಾಕ್ಕೊಂಡು ಶುಭ್ರವಾಗಿ ಬಂದ. ಉಳಿದವರೆಲ್ಲ ಮಣ್ಣಲ್ಲಿ ಹೊರಳಿದ ಎಮ್ಮೆಗಳ ಹಾಗಿದ್ರು."

ಕೀಪರನ ಅಕ್ಕ ತನ್ನ ಬೆರಳು ತೋರಿಸಿದಳು. ಉಗುರಿನ ಸಂದಿಯಲ್ಲಿ ಹಳದಿ ಇನ್ನೂ ಉಳಿದಿತ್ತು. "ಸಮಿತಿಯವರು ಎಲ್ಲರಿಗೂ ಜರ್ಸಿ ಕೊಡ್ತಾರೆ, ಕೀಪರ್ ಮಾತ್ರ ತಾನೇ ಹೊಂದಿಸ್ಕೋಬೇಕು. ಹಳೇ ಬಿಳಿ ಜರ್ಸಿಗೆ ನಾನೇ ಬಣ್ಣ ಕಟ್ಟಿದ್ದೆ. ಎಷ್ಟು ತೊಳೆದ್ರೂ ಬಣ್ಣ ಬಿಡ್ತಾನೇ ಇತ್ತು."

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಎದ್ದರು. ರೆಫ್ರಿ ಚೀಲ ಹಿಡಿದು ಹಿಂಬಾಲಿಸಿದ. ಅವನು ಅತ್ತೆಗೆ ಹೇಳದ ಮಾತೊಂದಿತ್ತು. ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿ ತೆರೆದ, ಪ್ರತಿ ಸಲವೂ ಬಿಸಿಲಿನ ಬಗ್ಗೆ ಏನೋ ಅಂದು ಸುಮ್ಮನಾದ.

ಮೈದಾನದಲ್ಲಿ ಎರಡೂ ತಂಡಗಳ ಕೋಣೆಗಳ ಹಿಂದೆ ಒಂದೇ ನಲ್ಲಿ, ಒಂದೇ ತಂತಿ. ಕೀಪರನ ಗ್ಲೌಸ್ ಇನ್ನೂ ಅಲ್ಲೇ ನೇತಾಡುತ್ತಿದ್ದವು. ಆಟ ಮುಗಿದ ಮೇಲೆ ಅವನೇ ತೊಳೆದು ಹಾಕಿದ್ದನಂತೆ.

"ವಿರಾಮದಲ್ಲೂ ಗ್ಲೌಸ್ ಇಲ್ಲೇ ಇದ್ದವಾ?" ಎಂದು ಅತ್ತೆ ಮೈದಾನದ ಕಾವಲುಗಾರನನ್ನು ಕೇಳಿದರು.

"ಇಲ್ಲೇ ಇದ್ವು ಮೇಡಂ, ಜರ್ಸಿ ಪಕ್ಕದಲ್ಲೇ. ಅವನ್ನ ಯಾರೂ ಮುಟ್ಟಿಲ್ಲ."

ಸಂಜೆ ನೀಲಿಯವರ ಕೋಣೆಯಲ್ಲಿ ಎಲ್ಲರೂ ಸೇರಿದರು. ಸಮಿತಿಯ ಕಾರ್ಯದರ್ಶಿ ಬೆಂಚಿನ ಮೇಲೆ, ಕೀಪರ್ ಮೂಲೆಯಲ್ಲಿ, ಅವನ ಅಕ್ಕ ಬಾಗಿಲ ಬಳಿ, ಆಟಗಾರರು ಹಿಂದಿನ ಸಾಲುಗಳಲ್ಲಿ. ಡಿಪೋ ಕ್ಯಾಪ್ಟನ್ ಕೈಕಟ್ಟಿ ಗೋಡೆಗೆ ಒರಗಿ ನಿಂತಿದ್ದ. ಪಂದ್ಯ ಮುಗಿದೊಡನೆ ಆಟಗಾರರು ಒಪ್ಪಿಸಿದ ಜರ್ಸಿಗಳ ಮೂಟೆಯನ್ನು ಅತ್ತೆ ಕಾರ್ಯದರ್ಶಿಯ ಬೀಗದ ಕೋಣೆಯಿಂದ ತರಿಸಿದ್ದರು.

"ಜರ್ಸಿ ಹೋಗಿದ್ದರಿಂದ ಲಾಭ ಆಗಿದ್ದು ನೀಲಿಯವರಿಗೆ, ಆದ್ದರಿಂದ ಕದ್ದವರೂ ಅವರೇ ಅಂತ ಎಲ್ಲರ ಲೆಕ್ಕ" ಎಂದು ಅತ್ತೆ ಶುರುಮಾಡಿದರು. "ಆದ್ರೆ ಕೊನೆಯಲ್ಲಿ ಕಾರ್ನರ್ ಬರುತ್ತೆ, ಗುಂಪಲ್ಲಿ ಕೈ ತಾಗುತ್ತೆ ಅಂತ ವಿರಾಮದಲ್ಲೇ ಯಾರಿಗೆ ಗೊತ್ತಿತ್ತು? ಕೀಪರನ್ನ ಕಂಗೆಡಿಸೋದೇ ಕಳ್ಳನಿಗೆ ಬೇಕಿದ್ರೆ ಗ್ಲೌಸೂ ಒಯ್ತಿದ್ದ. ಅವನಿಗೆ ಬೇಕಿದ್ದದ್ದು ಬಣ್ಣ ಒಂದೇ. ಬೇರೆ ಬಣ್ಣ ಇಲ್ಲದಿದ್ರೆ ಕೀಪರ್ ನಿಲ್ಲೋ ಹಾಗಿಲ್ಲ, ಕೀಪರ್ ಇಲ್ಲದಿದ್ರೆ ಆಟ ಇಲ್ಲ. ಆಗ ಕಪ್ ಯಾರಿಗೆ? ಸೋಲ್ತಾ ಇದ್ದವರಿಗೆ."

ಅತ್ತೆ ಡಿಪೋ ಕ್ಯಾಪ್ಟನ್ನಿನ ಕಡೆ ತಿರುಗಿದರು.

"ಜರ್ಸಿ ತೊಳೆಯೋಕೆ ರೆಫ್ರಿ ಹೇಳಿದ್ದನ್ನ ಕೇಳಿಸಿಕೊಂಡ ಎದುರಾಳಿ ಒಬ್ಬನೇ. ಕೀಪರ್ ಹೊರಗೆ ಬರೋ ಮೊದಲೇ 'ನೀಲಿಯಲ್ಲಿ ಆಡೋ ಹಾಗಿಲ್ಲ' ಅಂತ ತಕರಾರು ತೆಗೆದವನೂ ಒಬ್ಬನೇ. ಕಾಣದ್ದನ್ನ ಅವನು ಹೇಗೆ ಕಂಡ? ಒದ್ದೆ ಜರ್ಸಿಯನ್ನ ತನ್ನ ಜರ್ಸಿಯೊಳಗೆ ಮುಚ್ಚಿಕೊಂಡು ಹೋಗಿ ರೋಲರಿನ ಹಿಂದೆ ತುರುಕಿದ. ಅಷ್ಟರಲ್ಲಿ ಬಣ್ಣ ಬಿಟ್ಟಿತ್ತು. ಹೊರಗೆ ಕಂಡೀತು ಅಂತ ಹೆದರಿ ಬದಲಿ ಆಟಗಾರನ ಜರ್ಸಿ ಹಾಕ್ಕೊಂಡು ಶುಭ್ರವಾಗಿ ಬಂದ."

ಅವರು ಮೂಟೆ ಬಿಚ್ಚಿ, ಕ್ಯಾಪ್ಟನ್ನಿನ ನಂಬರಿನ ಜರ್ಸಿ ತೆಗೆದು ಒಳಮಗ್ಗುಲು ಹೊರಗೆ ಮಾಡಿದರು. ಹೊರಗೆ ಬರೀ ಮಣ್ಣು. ಒಳಗೆ, ಹೊಟ್ಟೆಯ ಜಾಗದಲ್ಲಿ, ದೊಡ್ಡ ಹಳದಿ ಕಲೆ.

ಕ್ಯಾಪ್ಟನ್ನಿನ ಕಟ್ಟಿದ ಕೈಗಳು ಬಿಚ್ಚಿಕೊಂಡವು. "ಡಿಪೋ ಯಾವತ್ತೂ ಗೆದ್ದಿರಲಿಲ್ಲ" ಎಂದ, ನೆಲ ನೋಡುತ್ತ. "ಆಮೇಲೆ ಆ ಕೈ ನೋಡಿ ಹೊಟ್ಟೆ ಉರೀತು. ನಾನು ಕದ್ದಿದ್ದು ನನಗೇ ಮರೆತುಹೋದ ಹಾಗಾಯ್ತು."

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. "ಕಳ್ಳ ಸಿಕ್ಕ, ಸರಿ. ಆದ್ರೆ ಕೈ ತಾಗಿದ್ದು ಸುಳ್ಳಲ್ಲವಲ್ಲ. ತನ್ನ ಕೈಯಲ್ಲ ಅಂತ ಕೀಪರ್‌ಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ಕಪ್ ಎತ್ತಿದ. ಅದು ಮೋಸ ಅಲ್ವಾ?"

ಅತ್ತೆ ಉತ್ತರ ಕೊಡಲಿಲ್ಲ. ಮೂಟೆ ಕಟ್ಟುವ ನೆಪದಲ್ಲಿ ಬಗ್ಗಿದರು. ಆ ಮೌನ ತನಗಾಗಿಯೇ ಎಂದು ರೆಫ್ರಿಗೆ ಗೊತ್ತಾಯಿತು. ನಾಚಿಕೆಯಿಂದ ಅವನ ಮೈಯೆಲ್ಲ ಹಿಡಿಯಷ್ಟಾಗಿತ್ತು, ಆದರೂ ಎದ್ದು ನಿಂತ.

"ಅವನು ಬಾಯಿ ಮುಚ್ಚಿಕೊಂಡಿರಲಿಲ್ಲ. ಆಗಲೇ ನನ್ನ ಹತ್ರ ಓಡಿ ಬಂದು 'ಸರ್, ನನ್ನ ಕೈ ತಾಗಿಲ್ಲ' ಅಂದ. ಕೊಟ್ಟ ತೀರ್ಪು ವಾಪಸ್ ತಗೊಂಡ್ರೆ ಮರ್ಯಾದೆ ಹೋಗುತ್ತೆ ಅಂತ ನಾನೇ ಗದರಿಸಿ ಕಳಿಸಿದೆ. ನಿನ್ನೆಯಿಂದ ಯಾರಿಗೂ ಹೇಳಿಲ್ಲ."

ನೀಲಿ ತಂಡದ ಹಿರಿಯ ಡಿಫೆಂಡರ್ ಹಿಂದಿನ ಸಾಲಿನಿಂದ ನಿಧಾನಕ್ಕೆ ಕೈ ಎತ್ತಿದ. "ಕೈ ನಂದು" ಎಂದಷ್ಟೇ ಹೇಳಿ, ಮುಖ ಬೇರೆ ಕಡೆ ತಿರುಗಿಸಿಕೊಂಡ.

ಪಂದ್ಯ ಮತ್ತೆ ಆಡಿಸುವುದೆಂದು, ಅಲ್ಲಿಯವರೆಗೆ ಕಪ್ ಸಮಿತಿಯ ಕಪಾಟಿನಲ್ಲೇ ಇರಲಿ ಎಂದು ಕಾರ್ಯದರ್ಶಿ ಹೇಳಿದರು. ಆಮೇಲೆ ಕೀಪರನ ಕಡೆ ತಿರುಗಿದರು. "ರೆಫ್ರಿಗೆ ಹೇಳಿದ್ದೆ ಅಂತ ನೀನೇ ಯಾಕಪ್ಪ ಹೇಳ್ಲಿಲ್ಲ? ಎಲ್ಲರೂ ಬಾಯಿಗೆ ಬಂದ ಹಾಗೆ ಅಂತಿದ್ರಲ್ಲ."

ಕೀಪರ್ ಒಮ್ಮೆ ರೆಫ್ರಿಯನ್ನು ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಸರ್ ಹೇಳ್ತಾರೆ ಅಂತ ಕಾಯ್ತಿದ್ದೆ."

ಮನೆಗೆ ಹೋಗುವ ದಾರಿಯಲ್ಲಿ ರೆಫ್ರಿ ಚೀಲ ಹಿಡಿದು ಅತ್ತೆಯ ಹಿಂದೆ ನಡೆದ. ತಿರುವು ಬಂದಾಗ ಕೇಳಿದ, "ನಿಮಗೆ ಗೊತ್ತಿತ್ತು, ಅಲ್ವಾ ಅತ್ತೆ?"

"ಅವನು ಓಡಿ ಬಂದದ್ದೂ ನೀವು ಬೆರಳು ತೋರಿಸಿ ಓಡಿಸಿದ್ದೂ ಗ್ಯಾಲರಿಯಿಂದ ಕಾಣ್ತಿತ್ತು."

"ಮತ್ತೆ ಬೆಳಗ್ಗೆ ಯಾಕೆ ಕೇಳ್ಲಿಲ್ಲ?"

"ಅವನಂತೆ ನಾನೂ ಕಾಯ್ತಿದ್ದೆ" ಎಂದು ಅತ್ತೆ ಅವನ ಕೈಯಿಂದ ಚೀಲ ತೆಗೆದುಕೊಂಡರು. "ನಾಳೆ ಅಂಗಡಿ ತೆಗೀತೀರೋ?"

"ತೆಗೀತೀನಿ" ಎಂದ ರೆಫ್ರಿ. ಮೊದಲ ಗಿರಾಕಿ ಏನನ್ನುತ್ತಾನೆಂದು ಅವನಿಗೆ ಗೊತ್ತಿತ್ತು. ಅದನ್ನು ಅನ್ನಿಸಿಕೊಳ್ಳಲು ಅವನು ಮಾರನೆಯ ಬೆಳಗ್ಗೆ ಬೇಗನೆ ಅಂಗಡಿಗೆ ಹೋದ.