ಆರು ಬಾಟ್ಲಿ ಪೆಟ್ರೋಲು

ಕೃಷ್ಣಾನಂದ ನಮ್ಮ ಅಕ್ಕಸಾಲಿ ಅಂಗಡಿಯ ಮೆಟ್ಟಿಲು ಹತ್ತಿದಾಗ, ಬಳೆ ಮಾಡಿಸಲು ಬಂದ ಮದುಮಗ ಎಂದುಕೊಂಡೆ. ಯಾಕೋ ಸ್ವಲ್ಪ ಬೇಸರವೂ ಆಯಿತು.

"ಬಳೆ ಮಾಡೂಕೆ ಆಗೂದಿಲ್ಲ. ಕಾಯಿದೆ ಬಂದದೆ," ಎಂದೆ.

"ಬಳೆ ಬೇಡ. ಒಂದು ಹಿತ್ತಾಳೆ ಗುಂಡು ಬೇಕು. ಒಳಗೆ ಪೊಳ್ಳು ಇರಬೇಕು, ಪೆಟ್ರೋಲಿನಲ್ಲಿ ತೇಲಬೇಕು."

ಅದು ೧೯೬೩. ಹದಿನಾಲ್ಕು ಕ್ಯಾರೆಟ್ಟಿಗಿಂತ ಶುದ್ಧ ಚಿನ್ನದ ಒಡವೆ ಮಾಡಬಾರದೆಂಬ ಕಾಯಿದೆ ಬಂದು ಹೊನ್ನಾವರದ ಅಕ್ಕಸಾಲಿಗರ ಕುಲುಮೆಗಳು ತಣ್ಣಗಾಗಿದ್ದವು. ಅಪ್ಪ ರಾಮ ಶೇಟರು ಇಡೀ ದಿನ ಬೀದಿ ನೋಡುತ್ತ ಕೂರುತ್ತಿದ್ದರು. ಮಗಳಾದರೂ ಬೆಸುಗೆ ಹಾಕುವುದನ್ನು ಅವರಿಂದ ಕಲಿತಿದ್ದೆ. ಗುಂಡು ನಾನೇ ಮಾಡಿದೆ.

ಕೃಷ್ಣಾನಂದ ಮುಂಬಯಿಯಲ್ಲಿ ವಿಮಾನದ ಮೆಕ್ಯಾನಿಕ್ ಆಗಿದ್ದವರು. ಈಗ ಕಾಸರಕೋಡಿನಲ್ಲಿ ದೋಣಿ ಕಟ್ಟುವ ಆಚಾರಿಗಳನ್ನು ಸೇರಿಸಿಕೊಂಡು ತಾವೇ ಒಂದು ಪುಟ್ಟ ವಿಮಾನ ಕಟ್ಟಿದ್ದರು. ಅದರ ಟಾಂಕಿಯಲ್ಲಿ ನನ್ನ ಗುಂಡು ತೇಲುತ್ತದೆ. ಗುಂಡಿಗೆ ಬೆಸೆದ ತಂತಿ ಮುಚ್ಚಳದ ತೂತಿನಿಂದ ಅವರ ಕಣ್ಣೆದುರು ಮೇಲೆ ಬರುತ್ತದೆ. ಪೆಟ್ರೋಲು ಇಳಿದಂತೆ ತಂತಿಯೂ ಇಳಿಯುತ್ತದೆ. ತುದಿಯ ಕೊಕ್ಕೆ ಮುಚ್ಚಳಕ್ಕೆ ತಾಗಿದರೆ ಟಾಂಕಿ ಖಾಲಿ.

ಟಾಂಕಿಯನ್ನು ನಮ್ಮ ಅಂಗಳಕ್ಕೆ ತಂದು ಅವರು ಒಂದೊಂದೇ ಬಾಟ್ಲಿ ಪೆಟ್ರೋಲು ಸುರಿದರು, ನಾನು ತಂತಿಗೆ ಗೀಟು ಹಾಕಿದೆ.

"ನನ್ನ ಮುಖ ನೋಡಿದ್ರೆ ಗೀಟು ತಪ್ಪತದೆ."

"ನಿಮ್ಮ ಮುಖದಲ್ಲಿ ಎಂತ ಅದೆ ನೋಡೂಕೆ?" ಎಂದೆ. ನೋಡುತ್ತಲೇ ಇದ್ದೆ.

ಅವರು ದನಿ ತಗ್ಗಿಸಿದರು. "ಗಂಗಾ, ಕುಮಟೆಗೆ ಹಾರಿ ಬಂದವನೇ ನಿನ್ನ ಅಪ್ಪನ ಹತ್ರ ಮಾತಾಡ್ತೆ."

"ಎಂತದ್ದು?"

"ಬಳೆ ವಿಷಯ."

ಕೊಕ್ಕೆ ಬಗ್ಗಿಸುವುದನ್ನು ನನಗೆ ಬಿಟ್ಟು ಅವರು ಕೈ ತೊಳೆಯಲು ಬಾವಿಕಟ್ಟೆಗೆ ಹೋದರು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಊರು ನಮ್ಮನ್ನು ಆಡಿಕೊಳ್ಳುತ್ತದೆ. ನಾನೂ ಕದ್ದೆ, ಅವರಿಗಾಗಿಯೇ ಕದ್ದೆ. ಕೊಕ್ಕೆಯನ್ನು ಇರಬೇಕಾದ ಗೀಟಿಗಿಂತ ಒಂದು ಬೆರಳು ಕೆಳಗೇ ಬಗ್ಗಿಸಿ, ಮಿಕ್ಕ ತಂತಿ ಕತ್ತರಿಸಿದೆ. ಇನ್ನೂ ಆರು ಬಾಟ್ಲಿ ಇರುವಾಗಲೇ ಅದು ಖಾಲಿ ಎಂದು ತೋರಿಸುತ್ತದೆ. ಹೆದರಿ ಬೇಗ ಇಳಿದರೆ ಜೀವ ಉಳಿಯುತ್ತದಲ್ಲ, ಅದು ನನ್ನ ಜಾಣತನ.

ಕುಮಟೆಯಿಂದ ಮರಳುವಾಗ ಧಾರೇಶ್ವರದ ಮೇಲೆ ಕೊಕ್ಕೆ ತಾಗಿತು. ಅವರು ಹೊರಟಿದ್ದ ಕಾಸರಕೋಡಿನ ಮರಳಿಗೆ ಇನ್ನು ಹತ್ತೇ ನಿಮಿಷದ ದಾರಿ. ಅವರು ತಂತಿಯನ್ನು ನಂಬಿ ಅಲ್ಲೇ ಇಳಿಸತೊಡಗಿದರು. ದಂಡೆಯಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸರನ್ನು ತಪ್ಪಿಸಲು ಹೋಗಿ ಬಂಡೆಗೆ ಬಡಿದರು. ಮುರಿದ ಟಾಂಕಿಯಿಂದ ಪೆಟ್ರೋಲು ಸುರಿಯುತ್ತಿತ್ತು ಎಂದು ಅವರನ್ನು ಎತ್ತಿದವರು ಹೇಳಿದರು. ಅದರ ಅರ್ಥ ನನಗೊಬ್ಬಳಿಗೇ ಗೊತ್ತಾಯಿತು.

ಆಸ್ಪತ್ರೆಯ ಮಂಚದಲ್ಲಿ ಅವರ ಹೊದಿಕೆ ಬಲಗಡೆ ಮೊಣಕಾಲಿನವರೆಗೆ ಮಾತ್ರ ಉಬ್ಬಿತ್ತು.

"ನನ್ನ ಲೆಕ್ಕ ತಪ್ಪಿತು, ಗಂಗಾ. ಪೆಟ್ರೋಲು ಅಳೆಯೂಕೆ ಬರದವ ಹಾರೂಕೆ ಹೊರಟೆ. ವಿಮಾನದಲ್ಲಿ ಉಳಿದದ್ದನ್ನ ಒಡೆದು ಸೌದೆ ಮಾಡಿ ಅಂತ ಆಚಾರಿಗಳಿಗೆ ಅಂದೆ. ನಿನ್ನ ಅಪ್ಪನ ಹತ್ರವೂ ಮಾತಾಡೂದಿಲ್ಲ. ಅದರಲ್ಲಿ ಸರಿ ಇದ್ದದ್ದು ನಿನ್ನ ತಂತಿ ಒಂದೇ."

ಸುಮ್ಮನಿದ್ದರೆ ಹೇಗಾದರೂ ಒಲಿಸಿಕೊಳ್ಳಬಹುದಿತ್ತು. ನನ್ನವರಾಗುತ್ತಿದ್ದರು, ಆದರೆ ಸಾಯುವ ತನಕ ತಾನು ದಡ್ಡ ಎಂದುಕೊಂಡೇ ಬದುಕುತ್ತಿದ್ದರು. ಹೇಳಿದರೆ ಕಳೆದುಕೊಳ್ಳುತ್ತೇನೆ. ಅವರನ್ನು ಎಷ್ಟು ಪ್ರೀತಿಸುತ್ತೇನೆಂದು ನನಗೆ ತಿಳಿದದ್ದೇ ಆಗ.

"ತಂತಿ ಸುಳ್ಳು ಹೇಳ್ತು," ಎಂದೆ. "ಕೊಕ್ಕೆ ನಾನೇ ಕೆಳಗೆ ಬಗ್ಸಿದ್ದೆ. ನೀವು ಬೇಗ ಇಳೀಲಿ ಅಂತ."

ಅವರು ಮೊಣಕೈ ಊರಿ ಅರ್ಧ ಎದ್ದರು.

"ಎಷ್ಟು ಇತ್ತು?"

"ಆರು ಬಾಟ್ಲಿ."

"ಕಾಸರಕೋಡು ಮುಟ್ಟಿ ಮತ್ತೂ ಉಳೀತಿತ್ತು."

"ಹೌದು."

ನಾನು ಅಳತೊಡಗಿದೆ. ಅವರ ಕೈ ನನ್ನತ್ತ ಬರಲಿಲ್ಲ.

"ಹೋಗು," ಎಂದರು. "ನಾಳೆ ಬರಬೇಡ."

"ಆತು," ಎಂದು ಎದ್ದೆ. ಬಾಗಿಲು ದಾಟುತ್ತಿದ್ದೆ.

"ನಾಳೆ ನಂಗೆ ಸಿಟ್ಟು ಬರ್ತದೆ," ಎಂದರು ಹಿಂದಿನಿಂದ. "ನಾಡಿದ್ದು ಬಾ."