ಬಾಗಿಲು ತೆರೆದೇ ತಿರುಗುತ್ತಿದ್ದ ಯಂತ್ರ

ಬಟ್ಟೆ ಹಿಂಡುವ ಯಂತ್ರದ ಬಾಗಿಲಿನ ಕೆಟ್ಟ ಲಾಕ್ ತೆಗೆಸಿ ಹೊಸದು ಹಾಕಿಸಲು ಅಲ್ಲಿ ದುಡಿಯುವ ಒಬ್ಬಳ ಎರಡು ತಿಂಗಳ ಸಂಬಳದಷ್ಟು ಖರ್ಚು. ಅದಕ್ಕಾಗಿ ಯಂತ್ರ ನಿಲ್ಲಿಸಿದರೆ, ಆಸ್ಪತ್ರೆಯ ಬಟ್ಟೆ ಒಗೆಯುವ ಆ ಲಾಂಡ್ರಿಗೆ ಒಂದು ದಿನದ ಸಂಪಾದನೆ ಖೋತಾ. ಲಾಕಿನ ಮೇಲೆ ಒಂದು ಅಯಸ್ಕಾಂತ ಅಂಟಿಸಿದರೆ ಖರ್ಚೇ ಇಲ್ಲ. ಬಾಗಿಲು ತೆರೆದಿದ್ದರೂ ಮುಚ್ಚಿದೆ ಎಂದುಕೊಂಡು ಯಂತ್ರ ತಿರುಗುತ್ತಲೇ ಇರುತ್ತದೆ. ಮಾಲೀಕನಿಗೆ ಬಿಟ್ಟಿಯದೇ ಹಿಡಿಸಿತು.

ಡ್ರಮ್ಮು ನಿಲ್ಲುವ ಮೊದಲೇ ಕೈ ಹಾಕಿ ಬಟ್ಟೆ ಎಳೆಯುವುದು ಎಲ್ಲರಿಗೂ ರೂಢಿಯಾಯಿತು. ಒಂದು ಬೆಳಿಗ್ಗೆ ಒದ್ದೆ ಚಾದರವೊಂದು ಕೆಲಸದವಳೊಬ್ಬಳ ಮಣಿಕಟ್ಟಿಗೆ ಸುತ್ತಿಕೊಂಡು, ಭುಜದವರೆಗೂ ಒಳಗೆಳೆದುಕೊಂಡಿತು. ಅಲ್ಲೇ ದುಡಿಯುತ್ತಿದ್ದ, ಸೂಪರ್‌ವೈಸರ್‌ನ ತಮ್ಮನ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಓಡಿಹೋಗಿ ಸ್ವಿಚ್ ಆರಿಸಿದಳು. ಅಷ್ಟರಲ್ಲಿ ಆ ಕೈ ಕೈಯಾಗಿ ಉಳಿದಿರಲಿಲ್ಲ...

ಸ್ವಿಚ್ ಆರಿಸಿದವಳು ಸಂಜೆಗೇ ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟಳು. ಮರುದಿನ ಕೆಲಸ ಹೋಯಿತು. ಮನೆಯಲ್ಲಿ ಅತ್ತೆ, 'ಆಫೀಸರಮ್ಮ ಬಂದ್ರು, ಕುರ್ಚಿ ಹಾಕಿ' ಎಂದು ಚುಚ್ಚಿದರು. ಗಂಡ ತಟ್ಟೆ ನೋಡುತ್ತಲೇ ಉಂಡೆದ್ದ. ಅಧಿಕಾರಿ ಮಾತ್ರ ಮಾಲೀಕನನ್ನು ಕರೆಸಿ, ಅಪಾಯ ತಿಳಿಸಿದವರನ್ನು ಕೆಲಸದಿಂದ ತೆಗೆಯಲು ಕಾನೂನು ಬಿಡುವುದಿಲ್ಲ, ಹೋದ ದಿನಗಳ ಸಂಬಳ ಸಮೇತ ವಾಪಸ್ ಸೇರಿಸಿಕೊಳ್ಳಬೇಕು ಎಂದು ಆದೇಶ ಮಾಡಿದರು.

ಆ ಸುದ್ದಿ ಹೊತ್ತು ಅವಳು ಮನೆಗೆ ಬಂದರೆ, ಸೂಪರ್‌ವೈಸರ್ ಭಾವ ಚಪ್ಪಲಿಯನ್ನೂ ಬಿಚ್ಚದೆ ಕುಸಿದು ಕೂತಿದ್ದರು. ಅಯಸ್ಕಾಂತ ಇಟ್ಟವನು ಸೂಪರ್‌ವೈಸರ್, ತನಗೇನೂ ಗೊತ್ತಿಲ್ಲ ಎಂದು ಮಾಲೀಕ ಅವರನ್ನು ಹೊರಗೆ ಹಾಕಿದ್ದ.

"ನಿನ್ನ ಕೆಲಸ ಉಳಿಸ್ಕೊಳ್ಳೋಕೆ ನನ್ನ ಮಗನ ತುತ್ತು ಕಿತ್ಕೊಂಡ್ಯಲ್ಲೇ..." ಅತ್ತೆಯ ದನಿ ಒಡೆಯಿತು.

ಸೊಸೆಗೆ ಆ ಮಾತು ಕೇಳಿಸಲೇ ಇಲ್ಲ. "ಭಾವ, ಅದನ್ನ ಇಟ್ಟಿದ್ದು ನೀವಾ?"

"ಮಾಲೀಕರೇ ಹೇಳಿದ್ದು. ಅಂಗಡೀಲಿ ತಗೊಂಡ್ರೆ ಬಿಲ್ ಆಗುತ್ತೆ, ಮನೇಲಿದ್ರೆ ತಗೊಂಡ್ ಬಾ ಅಂದ್ರು..." ಅವರು ತಲೆ ಎತ್ತಲಿಲ್ಲ. "ನಮ್ಮ ಫ್ರಿಜ್ ಮೇಲಿತ್ತಲ್ಲ, ಅದು."

ಅವಳು ಫ್ರಿಜ್ಜಿನ ಕಡೆ ತಿರುಗಿದಳು. ಮಗಳು ಬರೆದ ಚಿತ್ರ ಫ್ರಿಜ್ಜಿನಿಂದ ಕೆಳಗೆ ಬಿದ್ದಿದ್ದ ದಿನ, ಅಯಸ್ಕಾಂತ ಎಲ್ಲಿ ಕಳೆದೆ ಎಂದು ಮಗುವಿನ ಬೆನ್ನಿಗೆ ಎರಡು ಬಿಗಿದವಳು ಅವಳೇ. ಅಂದಿನಿಂದ ಅದೇ ಯಂತ್ರದೊಳಗೆ ಅವಳೂ ದಿನಾ ಕೈ ಹಾಕಿದ್ದಳು. ಎಲ್ಲ ಗೊತ್ತಿದ್ದೂ ಭಾವ ಹಿಂದೆ ನಿಂತು 'ಬೇಗ, ಬೇಗ' ಎನ್ನುತ್ತಿದ್ದರು...

ಅತ್ತೆಗೂ ಅದು ಹೊಳೆದಿರಬೇಕು. ಸೊಸೆಯ ಕೈಗಳನ್ನೇ ದಿಟ್ಟಿಸಿದರು. ಆಮೇಲೆ ದೊಡ್ಡ ಮಗನ ಕಡೆ ತಿರುಗಿದರು.

"ಏಳು. ಇದನ್ನೇ ಹೋಗಿ ಆಫೀಸರ ಮುಂದೆ ಹೇಳು."

"ನನ್ನನ್ನ ಯಾವ ಕಾನೂನೂ ಕಾಯಲ್ಲಮ್ಮ. ನಾನು ದೂರು ಕೊಟ್ಟವನಲ್ಲ, ಇಟ್ಟವನು."

"ಗೊತ್ತು. ಆದ್ರೂ ಹೋಗು."

ಅವರು ಹೋದರು. ಅವರ ಹೇಳಿಕೆಯಿಂದ ಮಾಲೀಕ ಸಿಕ್ಕಿಬಿದ್ದ. ಗಾಯಗೊಂಡವಳಿಗೆ ಪರಿಹಾರ ಸಿಕ್ಕಿತು, ಬಲಗೈ ಸಿಗಲಿಲ್ಲ. ಸೊಸೆಯ ಕೆಲಸ ಉಳಿಯಿತು. ಹೋದ ಕೆಲಸ ಭಾವನಿಗೆ ಮರಳಲಿಲ್ಲ, ದಂಡವೂ ಬಿತ್ತು. ಒಂದೇ ಮನೆಯಲ್ಲಿದ್ದರೂ ಸೊಸೆ ಮತ್ತೆಂದೂ ಅವರ ತಟ್ಟೆಗೆ ಬಡಿಸಲಿಲ್ಲ. ಬಡಿಸು ಎಂದು ಅತ್ತೆ ಹೇಳಲೂ ಇಲ್ಲ.