ಗೋಡೆಯ ಮೇಲಿನ ನೀರಿನ ಗೆರೆ

ಒಹಾಯೋ ನದಿ ತಿರುಗುವ ಕಡೆ, ನೀರಿಗಿಂತ ತಗ್ಗಿನಲ್ಲಿದೆ ನಮ್ಮೂರು. ಸುತ್ತಲಿನ ಮಣ್ಣಿನ ಏರಿ ಇಲ್ಲದಿದ್ದರೆ ಊರೇ ಇಲ್ಲ. ಪ್ರತಿ ನೆರೆ ಇಳಿದಮೇಲೂ ನೀರು ನಿಂತಿದ್ದ ಮಟ್ಟಕ್ಕೆ ನನ್ನ ಹೋಟೆಲಿನ ಗೋಡೆಯ ಮೇಲೆ ನೀಲಿ ಗೆರೆ ಎಳೆಯುವವನು ಪಕ್ಕದ ಬಣ್ಣದಂಗಡಿಯ ಮುದುಕ ಓರ್ವಿಲ್.

ಈ ಆಗಸ್ಟಿನಲ್ಲಿ ಹನಿ ಮಳೆಯಿಲ್ಲ. ಒಂದು ಮಧ್ಯಾಹ್ನ ನೋಡಿದರೆ ಆ ಗೋಡೆ ಸೊಂಟದೆತ್ತರಕ್ಕೆ ಒದ್ದೆಯಾಗಿತ್ತು. ಒರೆಸಿದರೆ ಬಟ್ಟೆಗೆ ಹತ್ತಿದ್ದು ತಣ್ಣನೆಯ ನದಿ ಕೆಸರು.

"ಪೈಪ್ ಒಡೆದಿರ್ಬೇಕು ಓರ್ವಿಲ್," ಅಂದೆ.

"ಆ ಗೋಡೇಲಿ ಪೈಪೇ ಇಲ್ಲ ಕಣೆ ಲೊರೆಟ್ಟಾ," ಅಂದ. ಧೂಳೇಳುವ ಬೀದಿಯಲ್ಲಿ ನಡೆದು ಬಂದವನ ಪ್ಯಾಂಟು ಸೊಂಟದವರೆಗೆ ನೆನೆದಿತ್ತು.

ಮರುದಿನ ಗೋಡೆಯ ಒದ್ದೆ ಎದೆಮಟ್ಟಕ್ಕೇರಿತು. ಅವನ ಅಂಗಿಯೂ ಎದೆವರೆಗೆ ನೆನೆದಿತ್ತು.

"ಊರು ಬಿಟ್ಟು ಹೋಗೋಣ," ಅಂದೆ.

"ಈ ತಗ್ಗಿನ ಮನೆಗಳನ್ನ ಕೊಳ್ಳೋ ಪುಣ್ಯಾತ್ಮ ಯಾವನಿದಾನೆ? ಕಾಫಿ ಹಾಕು."

ಏರಿ ಹತ್ತಿ ನೋಡಿದೆ. ನದಿ ಬತ್ತಿ, ಮರಳು ಕಾಣುತ್ತಿತ್ತು.

ಇವತ್ತು ಗೋಡೆಯ ಒದ್ದೆ ಚಾವಣಿ ಮುಟ್ಟಿದೆ. ಓರ್ವಿಲ್ ಎಂದಿನ ಕುರ್ಚಿಯಲ್ಲೇ ಕೂತ. ಅವನ ಟೋಪಿಯಿಂದ ನೀರು ಸೋರುತ್ತಿತ್ತು, ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಕಾಫಿ ಇಡಲು ಬಗ್ಗಿದಾಗ ನನ್ನ ಏಪ್ರನ್ ಕಾಲಿಗೆ ತಣ್ಣಗೆ ಅಂಟಿತು. ಅದು ಸೊಂಟದವರೆಗೆ ಒದ್ದೆಯಾಗಿತ್ತು.